ನಿಮ್ಮವ್ವಗ ಎಷ್ಟು ಬ್ಯಾಸಗಿ

ಸಂಜಿ ಐದರ ಕ್ಲಾಸು. ಲೈಬ್ರರಿ ಹಿಂದಿನ ಖೋಲಿ.
ಕಲಬುರಗಿ ಬಿಸಲಿಗಿ ಶಹಾಬಾದಿ ಫರ್ಸಿ
ಇನ್ನೂ ಹಂಚಿನಂಗ ಕಾದದ.
ಚಪ್ಪಲಿ ಹೊರಗ ಬಿಟ್ಟ ನಾಕು ಮಂದಿ
ಕಾಲು ಮ್ಯಾಲೆತ್ತಿಕೊಂಡು ಬೆಂಚಿನ ಮ್ಯಾಲ ಕುಂತು
ಹಿಮಕ್ಕ ಏನಂತಾರ ಅಂತ ಬರಕೋತೀವಿ.
ಸ್ನೇಗ್.
ಬರದ ಕೂಡಲೇ ಮೊಣಕೈ ಬೆವರಿಗಿ ಶಾಯಿ ಹರಡಿ
ಅದು ಕರಗೇ ಬಿಡ್ತು.

ಸಮದಾನಿ ಸರ್ ಸಿಮೆಂಟು ಕಲೀಲಿಕ್ಕ ಹೋದವರು,
ಸೋವಿಯತ್ತು ಇದ್ದಾಗ.
ವಾಡಿ ಫ್ಯಾಕ್ಟರಿಯೊಳಗ ಮೂವತ್ತು ವರ್ಷ ಧೂಳು ನುಂಗಿ
ರಿಟೈರಾದ ಮ್ಯಾಲ ಈ ಖೋಲಿಗಿ ಬಂದಾರ.
ಕೆಮ್ಮಿದರ ಕೆಮ್ಮಿನ್ಯಾಗ ಸುಣ್ಣಗಲ್ಲು,
ಪಾಠ ಓದಿದರ ಮಾತ್ರ ದನಿ ಇಪ್ಪತ್ತರ ಹುಡುಗಂದು.

ಸೂರ್ಯಕಾಂತಗ ಡಾಕ್ಟರ್ ಆಗೂದದ, ಅಲ್ಲಿ ಫೀಸು ಕಡಿಮಿ ಅಂತ.
ಫರ್ಹಾನಾಗ ಸಂಜಿ ಮನಿಯೊಳಗ ಇರೂದು ಬ್ಯಾಡಾಗ್ಯದ.
ಭೀಮಾಶಂಕರ ಯಾಕ ಬರ್ತಾನ, ಅವಗೂ ಗೊತ್ತಿಲ್ಲ.
ನಾನು?
ಕೇಳಿದವರಿಗೆಲ್ಲ ಬ್ಯಾರೆ ಬ್ಯಾರೆ ಹೇಳೀನಿ.

‘ಇಂಗ್ಲಿಷಿನ ಬಾಗಲದಿಂದ ಬರಬ್ಯಾಡ್ರಿ,’ ಅಂತಾರ ಸರ್,
‘ಅದು ಸುತ್ತು ಹಾದಿ. ಹಿತ್ತಲದಿಂದ ಬರ್ರಿ, ಸನೇಕ ಅದ.
ಉ ಮೆನ್ಯಾ ಯೆಸ್ತ್: ನನ್ ಬಲ್ಲಿ ಅದ. ಮುಗೀತು.
ಅವರೂ ಏನೂ ಹಿಡಕೊಂಡಿರೂದಿಲ್ಲ ನಮ್ಮಂಗ,
ಇದ್ದದ್ದು ಬಲ್ಲಿ ಇರ್ತದ, ಅಷ್ಟ.
ಮ್ನ್ಯೆ ಝಾರ್ಕ: ನನಗ ಝಳ.
ನಾ ಏನೂ ಮಾಡೂದಿಲ್ಲ, ನನಗ ಆಗ್ತದ.’
ಭೀಮಾಶಂಕರ ಮೊದಲ ಸಲ ನಕ್ಕ. ಝಾರ್ಕ, ಝಳ,
ಬಸ್‌ಸ್ಟ್ಯಾಂಡ್ ಮುಟ್ಟೂತನ ಅದನ್ನೇ ಅಂದ್ಕೋತ ಹೋದ.

ಆಮ್ಯಾಲ ವಯಸ್ಸಿನ ಪಾಠ ಬಂತು.
ಒಂದಕ್ಕ ಗೋದ್. ಎರಡು, ಮೂರು, ನಾಕಕ್ಕ ಗೋದಾ.
ಐದಾತಂದರ ವರ್ಷ ಅನ್ನೂದು ಬಿಟ್ಟೇ ಬಿಡ್ತಾರ,
ಲ್ಯೆತ್ ಅಂತಾರ. ಬ್ಯಾಸಗಿ.
ಇಪ್ಪತ್ತರ ತನಕಾ ಬ್ಯಾಸಗಿ. ಇಪ್ಪತ್ತೊಂದಕ್ಕ ತಿರುಗಿ ಗೋದ್,
ಮೂವತ್ತೊಂದಕ್ಕ ಮತ್ತ ಗೋದ್, ಹಿಂಗ ಸಾಯೂತನ.
‘ಮೂರೇ ತಿಂಗಳ ಬಿಸಲು ಕಾಣೂ ಮಂದಿ,
ಎಣಿಸೂದಾದರ ಅದನ್ನೇ ಎಣಿಸ್ತಾರ,’
ಸರ್ ಕಿಟಕಿ ಕಡಿ ನೋಡಿದರು.
ಕಿಟಕಿ ಹೊರಗ ನಲವತ್ತನಾಕು ಡಿಗ್ರಿ.

ಮನಿಪಾಠ: ತಾಯಿ ಬಗ್ಗೆ ಐದು ವಾಕ್ಯ.
ಅವ್ವ ಬ್ಯಾಳಿ ಮಿಲ್ಲಿಂದ ಬಂದು ಸೆರಗು ಬಿಚ್ಚತಿದ್ದಳು.
‘ನಿನಗ ಎಷ್ಟು ಬ್ಯಾಸಗಿ?’ ಅಂದೆ.
ಆಧಾರ್ ಕಾರ್ಡು ಅಕಿಗಿ ಜನವರಿ ಒಂದಕ್ಕ ಹುಟ್ಟಿಸ್ಯದ,
ಸರ್ ಹೇಳೂ ಹಿಮದ ನಟ್ಟನಡುವ.
‘ಅದು ರೇಶನ್ ಆಫೀಸಿನವರ ತಾರೀಖು. ತಡಿ,’
ಸೆರಗಿಗಿ ಹತ್ತಿದ ತೊಗರಿ ಬ್ಯಾಳಿ ಆರಿಸಿ
ಫರ್ಸಿ ಮ್ಯಾಲ ಇಟ್ಟಳು.
ನೆನಪಿಲ್ಲದ ಏಳು ಮೊದಲ, ಒಟ್ಟಿಗೆ, ಒಂದು ಚಿಟಿಕಿ.
ಆಮ್ಯಾಲ ಒಂದೊಂದೇ:
ಅಕ್ಕನ ಲಗ್ನದ ಬ್ಯಾಸಗಿ,
ಮಿಲ್ಲಿನ ಪಟ್ಟಾದಾಗ ಹನುಮವ್ವನ ಬೆರಳು ಹೋದ ಬ್ಯಾಸಗಿ,
‘ನೀ ಹೊಟ್ಟ್ಯಾಗಿದ್ದಿ, ಸಾವಕಾರರ ಗಿಡದ ಮಾವಿನಕಾಯಿ ಕದ್ದೆ ನೋಡು, ಅದು,’
ಮೊದಲ ಫ್ಯಾನು ತಂದದ್ದು, ಅದು ಸುಟ್ಟದ್ದು,
ಎರಡೂ ಒಂದೇ ಬ್ಯಾಸಗಿ, ಒಂದೇ ಬ್ಯಾಳಿ.
ಐವತ್ತೊಂದು.

ಬಾಯಿ ಪರೀಕ್ಷಾ.
ಸ್ಕೋಲ್ಕ ಲ್ಯೆತ್ ವಾಶೆಯ್ ಮಾಮ್ಯೆ?
ಪಿದ್ದಿಸ್ಯಾತ್ ಅದೀನ್, ಅಂದೆ, ಲ್ಯೆತ್.
‘ಗೋದ್,’ ಅಂದರು ಸರ್, ‘ಐವತ್ತೊಂದಕ್ಕ ಗೋದ್.’
ಗೊತ್ತಿತ್ತು. ರಾತ್ರಿಯೆಲ್ಲ ಉರು ಹೊಡದಿದ್ದೆ.
‘ಅಕಿ ವರ್ಷ ಎಣಿಸಿಲ್ರಿ ಸರ್,’ ಅಂದೆ, ಕನ್ನಡದಾಗ.
ಸ್ವಲ್ಪ ಹೊತ್ತು ಕೆಮ್ಮಿದರು.
ಅರ್ಧ ಮಾರ್ಕು ಕಳದರು.

ಆ ರಾತ್ರಿ ಚಾಪಿ ಹಾಸೂಮುಂದ
ಫರ್ಸಿ ಸಂದಿಯಾಗ ಒಂದು ಬ್ಯಾಳಿ ಸಿಕ್ತು.
‘ಅಯ್ಯ, ಇದ್ಯಾವದು?’ ಬಲ್ಬಿಗಿ ಹಿಡದು ನೋಡಿದಳು ಅವ್ವ.
ಗುರುತು ಹತ್ತಲಿಲ್ಲ.
ಬಾಯಾಗ ಹಾಕ್ಕೊಂಡು ಕಟುಮ್ ಅಂತ ಕಡದಳು.

ಐವತ್ತೆರಡಕ್ಕೂ ಬ್ಯಾಸಗಿ ಬರೂದಿಲ್ಲ, ಗೋದಾ.
ಇನ್ನ ಮೂರು ಝಳ ಕಾಯಬೇಕು ಅಕಿ
ನನ್ನ ವ್ಯಾಕರಣ ಸರಿಯಾಗಲಿಕ್ಕ.